ಹಾಸ್ಟೆಲ್ ಹಾಸಿಗೆಯ ಸುತ್ತ ಬೆಳೆದ ನಂಬಿಕೆಗಳು

ಸೀಟು ಖಚಿತವಾಯಿತೆಂದರೆ ಮನೆಯಲ್ಲಿ ಟ್ರಂಕು, ಬಕೆಟ್ಟು, ಹಾಸಿಗೆಯ ಪಟ್ಟಿ ಶುರುವಾಗುತ್ತದೆ. ಬಕೆಟ್ಟಿನ ಬಗ್ಗೆ ಯಾರೂ ಉಪದೇಶ ಮಾಡುವುದಿಲ್ಲ. ಹಾಸಿಗೆಯ ಬಗ್ಗೆ ಮಾತ್ರ ಮಾವನಿಂದ ಹಿಡಿದು ಅಂಗಡಿಯವನ ತನಕ ಎಲ್ಲರದೂ ಒಂದೊಂದು ಸಿದ್ಧಾಂತ. ಇವರಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಇದನ್ನು ಹಾಸ್ಟೆಲಿನಲ್ಲಿ ಒಗೆದು, ಒಣಗಿಸಲು ಆಗುತ್ತದೆಯೇ?

ಮೊದಲು ಅಳತೆ. ‘ಸಿಂಗಲ್ ಅಂದರೆ ಎಲ್ಲ ಒಂದೇ’ ಅನ್ನುತ್ತಾರೆ. ಅಂಗಡಿಯ ಸಿಂಗಲ್ ಹಾಸಿಗೆಗಳು 72, 75, 78 ಇಂಚು ಉದ್ದದಲ್ಲಿ ಸಿಗುತ್ತವೆ. ಅಗಲ 30 ಇಂಚೂ ಇರಬಹುದು, 36 ಇಂಚೂ ಇರಬಹುದು. ಸುತ್ತ ಪಟ್ಟಿಯಿರುವ ಕಬ್ಬಿಣದ ಮಂಚದಲ್ಲಿ ಎರಡಿಂಚು ಉದ್ದ ಹೆಚ್ಚಾದರೆ ಸಾಕು, ಹಾಸಿಗೆ ಕಮಾನಿನಂತೆ ಮೇಲೇಳುತ್ತದೆ. ವಾರ್ಡನ್‌ಗೆ ಫೋನ್ ಮಾಡಿ ಮಂಚದ ಅಳತೆ ಕೇಳಿ, ಆಮೇಲೆ ದುಡ್ಡು ಕೊಡಿ. ಅಮೆರಿಕಕ್ಕೆ ಓದಲು ಹೊರಟವರೂ ಇದನ್ನು ಗಮನಿಸಬೇಕು: ಅಲ್ಲಿನ ಅನೇಕ ಕಾಲೇಜು ಹಾಸ್ಟೆಲುಗಳಲ್ಲಿರುವುದು ‘ಟ್ವಿನ್ ಎಕ್ಸ್‌ಎಲ್’, ಅಂದರೆ 38 ಇಂಚು ಅಗಲ, 80 ಇಂಚು ಉದ್ದ. ಸಾಮಾನ್ಯ ಟ್ವಿನ್ನಿನ ಉದ್ದ 75 ಇಂಚು. ಎಲಾಸ್ಟಿಕ್ ಬೆಡ್‌ಶೀಟನ್ನು ಇಲ್ಲಿಂದಲೇ ಹೊತ್ತೊಯ್ಯುವ ಉತ್ಸಾಹ ಬೇಡ.

‘ಗಟ್ಟಿ ಹಾಸಿಗೆಯೇ ಬೆನ್ನಿಗೆ ಒಳ್ಳೆಯದು’ ಎಂಬ ಮಾತಿಗೆ ವೈದ್ಯರ ಮುದ್ರೆಯೂ ಬಿದ್ದಿತ್ತು. ಆದರೆ 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನ ಬೇರೆಯೇ ಹೇಳಿತು. ಬಹುಕಾಲದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು ನೋಡಿದಾಗ, ನೋವು ಹೆಚ್ಚಾಗಿ ತಗ್ಗಿದ್ದು ಮಧ್ಯಮದವರಿಗೆ. ‘ಆರ್ಥೋಪೆಡಿಕ್’ ಎಂಬ ಚೀಟಿಯನ್ನು ಕಂಪನಿಯೇ ಹಚ್ಚುತ್ತದೆ, ಡಾಕ್ಟರಲ್ಲ. ಮೂಳೆ ಗಟ್ಟಿಯಿರುವ ಹದಿನೆಂಟರ ಹುಡುಗನಿಗೆ ಆ ಚೀಟಿಗಾಗಿ ಹೆಚ್ಚು ತೆರಬೇಕಾಗಿಲ್ಲ.

‘ಹತ್ತಿ ಗಾದಿ ಹಳೇಕಾಲದ್ದು, ಫೋಮ್ ತೊಗೊಳ್ಳಿ’ ಎಂಬುದು ಇನ್ನೊಂದು. ಹತ್ತಿ ಗಂಟುಗಟ್ಟುತ್ತದೆ ನಿಜ. ಆದರೆ ಹಿಂಜಿಸಿ ಮತ್ತೆ ತುಂಬಿಸಿದರೆ ಗಾದಿ ಹೊಸದಾಗುತ್ತದೆ. ಕುಸಿದ ಫೋಮಿಗೆ ಮರುಜನ್ಮವಿಲ್ಲ. ಮೆಮೊರಿ ಫೋಮಂತೂ ಮೈಬಿಸಿಗೆ ಮೆತ್ತಗಾಗಿ ಆ ಬಿಸಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಅದರ ಮೇಲೆ ಮಲಗುವುದು ಶಿಕ್ಷೆ. ಹಾಗೆಂದು ಹತ್ತಿಯೇ ಎಲ್ಲ ಊರಿಗೂ ಸರಿ ಎಂದೂ ಅಲ್ಲ. ಮಂಗಳೂರಿನ ಮಳೆಗಾಲದಲ್ಲಿ ಅದು ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಅಲ್ಲಿಗೆ ಗಾಳಿಯಾಡುವ ತೆಂಗಿನ ನಾರಿನ ಹಾಸಿಗೆಯೇ ವಾಸಿ. ಕಾಲೇಜು ಯಾವ ಊರಿನಲ್ಲಿದೆ ಎಂಬುದು ಬೆಲೆಗಿಂತ ಮುಖ್ಯ.

ಬೆಡ್‌ಶೀಟಿನ ಮೇಲೆ ‘1000 ಥ್ರೆಡ್ ಕೌಂಟ್’ ಎಂದು ಹೊಳೆಯುವ ಅಕ್ಷರದಲ್ಲಿ ಬರೆದಿದ್ದರೆ ಅದು ಬಹುಪಾಲು ಲೆಕ್ಕದ ಚಮತ್ಕಾರ. ಒಂದು ಚದರ ಇಂಚಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಇರುವ ಎಳೆಗಳ ಮೊತ್ತ ಅದು. ಹೊಸೆದ ನೂಲಿನ ಒಳ ಎಳೆಗಳನ್ನೂ ಬೇರೆ ಬೇರೆಯಾಗಿ ಎಣಿಸಿ ಸಂಖ್ಯೆ ಉಬ್ಬಿಸುವುದುಂಟು. 200ರ ಆಸುಪಾಸಿನ ಶುದ್ಧ ಹತ್ತಿಯ ಚಾದರ ಬೇಗ ಒಣಗುತ್ತದೆ. ಎರಡು ಕೊಳ್ಳಿ, ಒಂದು ಹಗ್ಗದ ಮೇಲಿದ್ದಾಗ ಇನ್ನೊಂದು ಮಂಚದ ಮೇಲಿರಲಿ.

ಹೊದೆಯಲು ದಪ್ಪ ರಗ್ಗನ್ನೇ ಕಟ್ಟಿಕೊಡುವ ಅಮ್ಮಂದಿರ ಪ್ರೀತಿ ದೊಡ್ಡದು. ಆದರೆ ಬೆಂಗಳೂರಿನ ಚಳಿಗೂ ಎರಡು ತೆಳು ಹೊದಿಕೆ ಸಾಕು. ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುತ್ತದೆ, ಒಗೆಯುವಾಗ ಒಂದೊಂದೇ ಬಕೆಟ್ಟಿಗೆ ಹಿಡಿಸುತ್ತದೆ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಉತ್ತರ ಕರ್ನಾಟಕದ ಕೌದಿಯೂ ಇದೇ ತತ್ವದ್ದು. ಅದನ್ನು ಒಯ್ಯಲು ನಾಚುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇನ್ನು ತಿಗಣೆ. ‘ಗಲೀಜು ಹುಡುಗರ ರೂಮಿನಲ್ಲಿ ಮಾತ್ರ ಆಗುತ್ತದೆ’ ಎಂಬುದು ಶುದ್ಧ ಅಪವಾದ. ತಿಗಣೆಗೆ ಬೇಕಾದದ್ದು ಕೊಳೆಯಲ್ಲ, ರಕ್ತ. ಅದು ಬರುವುದು ಬ್ಯಾಗಿನಲ್ಲಿ, ಬಟ್ಟೆಯಲ್ಲಿ, ಹಳೆಯ ಹಾಸಿಗೆಯಲ್ಲಿ. ಕೋರ್ಸು ಮುಗಿಸಿ ಹೋಗುವ ಸೀನಿಯರ್ ಅಗ್ಗಕ್ಕೆ ಕೊಡುವ ಹಾಸಿಗೆಯೇ ಇಲ್ಲಿ ನಿಜವಾದ ಅಪಾಯ. ರಜೆಗೆ ಬೀಗ ಹಾಕಿ ಹೋದರೆ ಉಪವಾಸ ಬಿದ್ದು ಸಾಯುತ್ತವೆ ಎಂದುಕೊಳ್ಳಬೇಡಿ, ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಹಾಸಿಗೆಯನ್ನು ಬಿಸಿಲಿಗೆ ಹಾಕುವುದೂ ಅರ್ಧ ಮದ್ದು ಮಾತ್ರ. ಸುಮಾರು 50 ಡಿಗ್ರಿ ಬಿಸಿ ಸ್ವಲ್ಪ ಹೊತ್ತು ತಟ್ಟಿದರೆ ಅವು ಸಾಯುತ್ತವೆ, ಆದರೆ ಮೇಲ್ಮೈಯ ಬಿಸಿ ಒಳಮಡಿಕೆಗೆ ಇಳಿಯುವುದಿಲ್ಲ. ಅಲ್ಲದೆ ಅರ್ಧ ಸಂಸಾರ ಮಂಚದ ಸಂದಿಯಲ್ಲೇ ಇರುತ್ತದೆ. ಕಬ್ಬಿಣದ ಮಂಚದ ಸಂದಿಗೆ ಕುದಿನೀರು ಹೊಯ್ಯುತ್ತಿದ್ದ ಅಜ್ಜಿಯರು ಸರಿಯಾಗಿಯೇ ಮಾಡುತ್ತಿದ್ದರು.

ಕೊನೆಗೆ ಸೊಳ್ಳೆ ಪರದೆ. ‘ಅದು ರಾತ್ರಿಗೆ’ ಅನ್ನುವವರು ಡೆಂಗಿಯನ್ನು ಮರೆತಿರುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಪರೀಕ್ಷೆಗೆ ರಾತ್ರಿಯೆಲ್ಲ ಓದಿ ಬೆಳಕು ಹರಿದ ಮೇಲೆ ಮಲಗುವವರು ಆಗಲೂ ಪರದೆ ಇಳಿಬಿಡಬೇಕು. ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವಷ್ಟು ಉದ್ದವಿರುವುದನ್ನೇ ಆರಿಸಿ.