ತಂತಿಯಿಲ್ಲದ ಕೀಲಿಮಣೆ

ಲ್ಯಾಪ್‌ಟಾಪಿಗೆಂದು ನಿಸ್ತಂತು ಕೀಲಿಮಣೆಯನ್ನು ಕೊಳ್ಳಹೊರಟ ನಂಜನಗೂಡಿನ ವಿದ್ಯಾರ್ಥಿಯು ಅದರ ಮೇಲೆ ಕನ್ನಡಾಕ್ಷರಗಳನ್ನು ಹುಡುಕಬೇಕಾಗಿಲ್ಲ. ಕೀಲಿಮಣೆಯು ಅಕ್ಷರವನ್ನು ಕಳುಹಿಸುವುದೇ ಇಲ್ಲ. ಒತ್ತಿದ ಕೀಲಿಯ ಸಂಕೇತಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ. ಅದಕ್ಕೆ ಅಕ್ಷರರೂಪವನ್ನು ಕೊಡತಕ್ಕದ್ದು ಲ್ಯಾಪ್‌ಟಾಪಿನೊಳಗಿನ ತಂತ್ರಾಂಶ. ಇಂಗ್ಲಿಷಿನ 'ಜೆ' ಕೀಲಿಯನ್ನೇ ನೋಡಿರಿ: ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಅದು 'ಜ'. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ 'ರ'.

ಈ ಸಂಖ್ಯೆಯು ಗಾಳಿಯಲ್ಲಿ ಸಾಗುವ ಬಗೆಯೇ ಹೆಚ್ಚು ಸ್ವಾರಸ್ಯಕರವಾದುದು. ಬ್ಲೂಟೂತ್, ವೈ-ಫೈ, ಕೊನೆಗೆ ಅಡುಗೆಮನೆಯ ಮೈಕ್ರೋವೇವ್ ಒಲೆ ಕೂಡ ಸುಮಾರು 2.4 ಗಿಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನೇ ಬಳಸುತ್ತವೆ. ನಂಜನಗೂಡನ್ನು ದಾಟಿದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿದ ಮೇಲೆ, ಇದು ಯಾವ ಹೊಳೆಯ ನೀರೆಂದು ನಾವು ಹೇಳಲಾರೆವು. ಅಲೆಗಳ ಮಾತು ಹಾಗಲ್ಲ. ಮೂಲ ಬ್ಲೂಟೂತ್ ಪದ್ಧತಿಯಲ್ಲಿ ಸಂದೇಶವು 79 ಕಾಲುವೆಗಳ ನಡುವೆ ಸೆಕೆಂಡಿಗೆ 1600 ಸಲ ನೆಗೆಯುತ್ತದೆ. ನೆಗೆತದ ಕ್ರಮವನ್ನು ಬಲ್ಲ ಜೊತೆಗಾರ ಯಂತ್ರವು ತನ್ನದನ್ನು ಆರಿಸಿಕೊಳ್ಳುತ್ತದೆ.

ಬ್ಲೂಟೂತ್ ಇಲ್ಲದ ಕೀಲಿಮಣೆಗಳು ಪುಟ್ಟದೊಂದು ಗ್ರಾಹಕದೊಡನೆ ಬರುತ್ತವೆ. ಇದನ್ನು ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸಿದರಾಯಿತು. (ಕಳೆದುಹೋದರೆ ಫಜೀತಿ!) ಆದರೆ ಅಗ್ಗದ ಇಂಥ ಕೆಲವು ಕೀಲಿಮಣೆಗಳು ಒತ್ತಿದ್ದನ್ನೆಲ್ಲ ಗೂಢಲಿಪಿಗೆ ತಿರುಗಿಸದೆ ಹಾಗೆಯೇ ಬಿತ್ತರಿಸುತ್ತವೆಂದು 2016ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಹತ್ತಾರು ಮೀಟರು ದೂರದಿಂದ ಅದನ್ನು ಕದ್ದು ಓದಬಹುದಾಗಿತ್ತು. ಹಾಸ್ಟೆಲಿನಲ್ಲಿ ಕುಳಿತು ಬ್ಯಾಂಕಿನ ಗುಪ್ತಪದವನ್ನು ಒತ್ತುವ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಆದುದರಿಂದ ಗ್ರಾಹಕವುಳ್ಳದ್ದನ್ನು ಕೊಳ್ಳುವುದಾದರೆ ಪೆಟ್ಟಿಗೆಯ ಮೇಲೆ 'ಎ.ಇ.ಎಸ್.' ಗೂಢೀಕರಣದ ಉಲ್ಲೇಖವಿದೆಯೆ ಎಂದು ನೋಡತಕ್ಕದ್ದು. ಇಲ್ಲವಾದರೆ ತಂತಿಯುಳ್ಳದ್ದೇ ಲೇಸು. ಬೆಲೆಯೂ ಸಾಮಾನ್ಯವಾಗಿ ಕಡಿಮೆ.