ಹಾಲಿಲ್ಲ, ಮೊಸರಿಲ್ಲ, ಆದರೂ ಬೆಣ್ಣೆ!

ಬೆಳ್ಳುಳ್ಳಿ, ಉಪ್ಪು, ಎಣ್ಣೆ, ನಿಂಬೆರಸ. ಇಷ್ಟೇ! ಹಾಲಿನ ಹನಿಯಿಲ್ಲ, ಮೊಟ್ಟೆಯ ಸುಳಿವಿಲ್ಲ. ಆದರೂ ಲೆಬನಾನಿನ ಅಡುಗೆಮನೆಗಳಲ್ಲಿ ಈ ನಾಲ್ಕರಿಂದಲೇ, ಆಗಷ್ಟೇ ಕಡೆದು ತೆಗೆದ ಬೆಣ್ಣೆಯಂಥ ಅಚ್ಚಬಿಳಿ ‘ತೂಮ್’ ಉಬ್ಬಿ ಬರುತ್ತದೆ. ಇದೇನು ಕಣ್ಕಟ್ಟೇ?

ಬೆಳ್ಳುಳ್ಳಿ ಎಸಳುಗಳನ್ನು ಸುಲಿದು, ಸೀಳಿ, ಒಳಗಿನ ಹಸಿರು ಮೊಳಕೆ ಕಿತ್ತುಹಾಕುತ್ತಾರೆ, ಇದ್ದರೆ ಕಹಿ. ಉಪ್ಪು ಹಾಕಿ ನುಣ್ಣಗೆ ಅರೆಯುತ್ತಾರೆ, ಹಿಂದೆ ಒರಳಲ್ಲಿ, ಈಗ ಮಿಕ್ಸಿಯಲ್ಲಿ. ಆಮೇಲೆ ಎಣ್ಣೆ. ಮೊದಲು ಹನಿಹನಿ, ಹದ ಹಿಡಿದ ಮೇಲೆ ನೂಲೆಳೆಯಷ್ಟು ಧಾರೆ, ನಡುನಡುವೆ ನಿಂಬೆರಸ. ಒಂದು ಬಟ್ಟಲು ಬೆಳ್ಳುಳ್ಳಿ ಮೂರು ಬಟ್ಟಲು ಎಣ್ಣೆಯನ್ನು ನುಂಗಿಬಿಡುತ್ತದೆ! ಹಳದಿ ಎಣ್ಣೆ ಸುರಿದಷ್ಟೂ ಒಳಗಿರುವುದು ಬೆಳ್ಳಗಾಗುತ್ತಾ ಹೋಗುತ್ತದೆ. ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಅವು ಮತ್ತೆ ಒಂದಾಗದಂತೆ ಬೆಳ್ಳುಳ್ಳಿಯದೇ ಅಂಶಗಳು ಸುತ್ತ ಕಾವಲು ನಿಲ್ಲುತ್ತವೆ. ಆ ಹನಿಗಳು ಬೆಳಕನ್ನು ಚದುರಿಸುವುದರಿಂದ ಈ ಬಿಳುಪು. ಅವಸರ ಮಾಡಿದಿರೋ, ಒಡೆದು ನೀರು ನೀರು. ಇನ್ನೊಂದು ಸ್ವಾರಸ್ಯ ಕೇಳಿ: ಆಲಿವ್ ತೋಪುಗಳ ಆ ನಾಡಿನಲ್ಲೂ ಇದಕ್ಕೆ ಅನೇಕರು ಬಳಸುವುದು ಸೂರ್ಯಕಾಂತಿಯಂಥ ಸಪ್ಪೆ ಎಣ್ಣೆ. ಆಲಿವ್ ಎಣ್ಣೆಯನ್ನು ಜೋರಾಗಿ ತಿರುವಿದರೆ ಕಹಿಯಾದೀತೆಂಬ ಎಚ್ಚರ!

ಅಲ್ಲಿನ ತಬ್ಬೂಲೆಯೂ ಹೀಗೇ ನಮ್ಮ ಎಣಿಕೆ ತಪ್ಪಿಸುತ್ತದೆ. ಗೋಧಿ ನುಚ್ಚಿನ ಸಲಾಡ್ ಅಂದುಕೊಂಡವರಿಗೆ ಬಟ್ಟಲ ತುಂಬ ಕಾಣುವುದು ಕತ್ತಿಯಲ್ಲಿ ಸಣ್ಣಗೆ ಹೆಚ್ಚಿದ ಪಾರ್ಸ್ಲಿ ಸೊಪ್ಪು. ನುಚ್ಚು ಹಿಡಿಯಷ್ಟೇ.

ಗಾತ್ರದಲ್ಲೂ ಬೆರಗುಗೊಳಿಸಿದ್ದುಂಟು: 2010ರಲ್ಲಿ ಲೆಬನಾನಿನ ಬಾಣಸಿಗರು 10,452 ಕಿಲೋ ಹುಮ್ಮುಸ್ (ಅರೆದ ಕಾಬೂಲಿ ಕಡಲೆಯ ಗೊಜ್ಜು) ಮಾಡಿ ವಿಶ್ವದಾಖಲೆ ಬರೆದರು. ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್, ಅದಕ್ಕೇ ಆ ಲೆಕ್ಕ! ಸರಿ, ದೊಡ್ಡದೇ. ಆದರೆ ನನ್ನನ್ನು ಮೂಕವಾಗಿಸಿದ್ದು ಹಳ್ಳಿಗಳ ‘ಕಿಶ್ಕ್’. ಬೇಸಿಗೆ ಮುಗಿಯುವ ಹೊತ್ತಿಗೆ ಗೋಧಿ ನುಚ್ಚನ್ನು ಮೊಸರಲ್ಲಿ ನೆನೆಹಾಕಿ, ದಿನವೂ ನಾದಿ ಹುಳಿ ಬರಿಸುತ್ತಾರೆ. ಮುದ್ದೆಗಳನ್ನು ಮಾಳಿಗೆಯ ಮೇಲೆ ಬಟ್ಟೆ ಹಾಸಿ ಒಣಗಿಸುತ್ತಾರೆ. ಅರ್ಧ ಒಣಗಿದವನ್ನು ಅಂಗೈಗಳ ನಡುವೆ ಉಜ್ಜಿ ಉಜ್ಜಿ ಪುಡಿ ಮಾಡಿ, ಮತ್ತೆ ಬಿಸಿಲಿಗೆ. ಫ್ರಿಜ್ಜೇ ಇಲ್ಲದ ಕಾಲದಲ್ಲಿ ಮೊಸರನ್ನು ತಿಂಗಳುಗಟ್ಟಲೆ ಕಾದಿಟ್ಟ ಬಗೆ! ಬೆಟ್ಟದ ಊರುಗಳಲ್ಲಿ ಹಿಮ ಸುರಿಯುವಾಗ ಕೊಬ್ಬಿನಲ್ಲಿ ಹುರಿದಿಟ್ಟ ಕುರಿಮಾಂಸ, ಬೆಳ್ಳುಳ್ಳಿಯ ಜೊತೆ ಒಂದೆರಡು ಹಿಡಿ ಪುಡಿ ಬಾಡಿಸಿ ನೀರು ಹೊಯ್ದರೆ, ಗಟ್ಟಿ ಹುಳಿ ಗಂಜಿ. ಉಳಿದ ಪುಡಿಯನ್ನು ಟೊಮೆಟೊ, ಈರುಳ್ಳಿ, ಎಣ್ಣೆಯಲ್ಲಿ ಕಲಸಿ ರೊಟ್ಟಿಯ ಮೇಲೆ ಬಳಿದು ಬೇಯಿಸುತ್ತಾರೆ, ಅದು ಬೆಳಗಿನ ತಿಂಡಿ!