ಚೈನ್ ಸಾ ಕೊಳ್ಳುವ ಮೊದಲು



ಮಳೆಗಾಲದ ಗಾಳಿ ಮುಗಿಯುವಷ್ಟರಲ್ಲಿ ನಮ್ಮ ಮಂಜೇಶ್ವರ, ಕಾಸರಗೋಡು ಕಡೆಯ ತೋಟಗಳಲ್ಲಿ ಒಂದಾದರೂ ಮರ ಅಡ್ಡ ಬೀಳದ ಮನೆ ಅಪರೂಪ. ಇಬ್ಬರು ಎಳೆಯುವ ಗರಗಸ ಹಿಡಿದು ಬರುತ್ತಿದ್ದ ಆಳುಗಳ ಕಾಲ ಹೋಯಿತು. ಚೈನ್ ಸಾ ಇರುವ ಕೆಲಸಗಾರ "ನಾಳೆ ಬರುತ್ತೇನೆ" ಎಂದು ಹೋದರೆ ಹದಿನೈದು ದಿನ ಕಾಣಿಸುವುದಿಲ್ಲ. ಆದುದರಿಂದ ತಾವೇ ಒಂದು ಯಂತ್ರ ಕೊಳ್ಳುವ ಯೋಚನೆ ಹಲವರಿಗೆ ಬಂದಿದೆ. "ಯಾವುದು ತೆಗೆದುಕೊಳ್ಳುವುದು ಫಾದರ್?" ಎಂದು ಬಲಿಪೂಜೆಯ ಬಳಿಕ ಕೇಳುವವರೂ ಇದ್ದಾರೆ.

ಉತ್ತರ ಕೊಡುವ ಮೊದಲು ನನಗೆ ಪರಿಚಯದ ಒಂದು ಮನೆಯ ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಆ ಮನೆಯ ಹಿರಿಯ ಮಗ ಅಗ್ಗಕ್ಕೆ ಸಿಕ್ಕಿದ ದೊಡ್ಡ ಗರಗಸವೊಂದನ್ನು ತಂದ. ಅದರ ಚೈನ್ ಬ್ರೇಕ್ ಆಗಾಗ ಸಿಕ್ಕಿಕೊಳ್ಳುತ್ತದೆಂದು ಅದನ್ನು ಬಿಚ್ಚಿ ಬದಿಗಿಟ್ಟ. ಬಿದ್ದ ಹಲಸಿನ ಮರದ ಗೆಲ್ಲು ಸವರುತ್ತಿದ್ದಾಗ ಬಾರಿನ ತುದಿ ಹಿಂದಿನ ಇನ್ನೊಂದು ಗೆಲ್ಲಿಗೆ ತಗಲಿ ಯಂತ್ರ ಮೇಲಕ್ಕೆ ಹಾರಿತು. ಉಟ್ಟದ್ದು ಲುಂಗಿ. ಕೈ ತಪ್ಪಿದ ಗರಗಸ ಎಡ ಮೊಣಕಾಲಿನ ಮೇಲೆ ಇಳಿಯಿತು. ಅವನ ತಾಯಿ ಒಗೆದ ಬೈರಾಸನ್ನು ಮಡಚಿ ಗಾಯದ ಮೇಲೆ ಬಲವಾಗಿ ಒತ್ತಿ, ಆಸ್ಪತ್ರೆ ಮುಟ್ಟುವವರೆಗೂ ಕೈ ತೆಗೆಯಲಿಲ್ಲ. ಅವನು ಉಳಿದದ್ದು ಅದರಿಂದಲೇ. ಆ ವರ್ಷದ ಅಡಿಕೆ ಕೊಯ್ಲನ್ನು ಅವನು ಅಂಗಳದಲ್ಲಿ ಕುಳಿತು ನೋಡಬೇಕಾಯಿತು.

ಹೀಗಾಗಿ ಅಂಗಡಿಗೆ ಹೋದವರು ಬೆಲೆ ಕೇಳುವ ಮೊದಲು ಯಂತ್ರದ ಸುರಕ್ಷತೆಯನ್ನು ನೋಡಬೇಕು. ಮುಂದಿನ ಹಿಡಿಯ ಎದುರಿಗೆ ಇರುವ ಕೈಕಾಪೇ ಚೈನ್ ಬ್ರೇಕಿನ ಹಿಡಿ. ಬಾರಿನ ಮೂತಿಯ ಮೇಲ್ಭಾಗ ಏನಕ್ಕಾದರೂ ತಗಲಿದಾಗ ಯಂತ್ರ ನಮ್ಮ ಮುಖದ ಕಡೆಗೆ ಎದ್ದು ಬರುತ್ತದೆ. ಆಗ ಈ ಬ್ರೇಕ್ ಕ್ಷಣಾರ್ಧದಲ್ಲಿ ಚೈನನ್ನು ನಿಲ್ಲಿಸಬೇಕು. ಅಂಗಡಿಯವರಿಂದ ಯಂತ್ರ ಚಾಲೂ ಮಾಡಿಸಿ, ಬ್ರೇಕ್ ಹಾಕಿಸಿ ನೋಡಿ. ಆಕ್ಸಿಲೇಟರ್ ಬಿಟ್ಟ ಮೇಲೂ ಚೈನ್ ತಿರುಗುತ್ತಿದ್ದರೆ ಅದನ್ನು ಸರಿಪಡಿಸಿಯೇ ಕೊಡಬೇಕು. ತುಂಡಾದ ಚೈನನ್ನು ಹಿಡಿಯುವ ಕೊಂಡಿ, ಹಿಂದಿನ ಹಿಡಿಯ ಕೆಳಗೆ ಅಗಲವಾದ ಕೈಕಾಪು, ಆಕ್ಸಿಲೇಟರಿಗೆ ಬೀಗ, ಇವು ಮೂರೂ ಇವೆಯೇ ನೋಡಿ.

ಇನ್ನು ಗಾತ್ರದ ವಿಷಯ. ನಿಮ್ಮ ತೋಟದ ಮರಗಳಿಗೆ ಹಗ್ಗ ಸುತ್ತಿ ಅಳೆಯಿರಿ, ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ ಸಿಗುತ್ತದೆ. ನಾಲ್ಕು ಅಡಿ ಸುತ್ತಳತೆಯ ಮರದ ಅಡ್ಡಳತೆ ಸುಮಾರು 15 ಇಂಚು. ಬಾರ್ ಅದಕ್ಕಿಂತ ಒಂದೆರಡು ಇಂಚು ಉದ್ದವಿದ್ದರೆ ಒಂದೇ ಬದಿಯಿಂದ ಕೊಯ್ಯಬಹುದು. ಮ್ಯಾಂಜಿಯಂ, ರಬ್ಬರ್, ಗೇರು, ತೆಂಗು, ಸಾಧಾರಣ ಹಲಸು ಇರುವ ನಮ್ಮ ಮನೆಗಳಿಗೆ 16 ಅಥವಾ 18 ಇಂಚಿನ ಬಾರ್, 45ರಿಂದ 50 ಸಿ.ಸಿ.ಯ ಎಂಜಿನ್ ಸಾಕು. ಅಜ್ಜನ ಕಾಲದ ಹಲಸು, ಮಾವುಗಳನ್ನು ಉರುಳಿಸುವ ಕೆಲಸ ವರ್ಷಕ್ಕೊಮ್ಮೆ ಬಂದರೆ ಅದನ್ನು ಪಳಗಿದವರಿಗೇ ಬಿಡಿ.

ಡಬ್ಬದ ಮೇಲಿನ ಸಿ.ಸಿ. ನೋಡಿ ಮರುಳಾಗುವುದು ಬೇಡ. ಕಿಲೋವ್ಯಾಟ್ ಎಷ್ಟು, ತೂಕ ಎಷ್ಟು ಎಂದು ಕೇಳಿ. ಉದಾಹರಣೆಗೆ, ಜರ್ಮನಿಯ ಸ್ಟಿಲ್ ಕಂಪೆನಿಯ ಎಂ.ಎಸ್. 250 ಯಂತ್ರ 45.4 ಸಿ.ಸಿ., 2.3 ಕಿಲೋವ್ಯಾಟ್, ಬಾರ್ ಮತ್ತು ಎಣ್ಣೆ ಇಲ್ಲದೆ 4.6 ಕಿಲೋ. ಸ್ವೀಡನ್ನಿನ ಹಸ್ಕ್ವರ್ನಾ 450 ಯಂತ್ರ 50.2 ಸಿ.ಸಿ., 2.4 ಕಿಲೋವ್ಯಾಟ್, 4.9 ಕಿಲೋ. ಇವನ್ನೇ ಕೊಳ್ಳಿರೆಂದು ಹೇಳುತ್ತಿಲ್ಲ. ಬೇರೆ ಯಾವುದನ್ನು ತೋರಿಸಿದರೂ ಈ ಲೆಕ್ಕದೊಂದಿಗೆ ಹೋಲಿಸಿ ನೋಡಿ. ಬಾರ್, ಚೈನ್, ಪೆಟ್ರೋಲ್, ಎಣ್ಣೆ ಸೇರಿದರೆ ಕೈಯಲ್ಲಿ ಹಿಡಿಯುವ ತೂಕ ಆರು ಕಿಲೋ ದಾಟುತ್ತದೆ. ಮರ ಉರುಳಿಸುವುದು ಹತ್ತು ನಿಮಿಷದ ಕೆಲಸ, ಗೆಲ್ಲು ಸವರುವುದು ಅರ್ಧ ದಿನದ್ದು. ಸೊಂಟ ಕೇಳುವುದು ಆ ಅರ್ಧ ದಿನದ ತೂಕವನ್ನು. ಸಣ್ಣ ಎಂಜಿನಿಗೆ 22 ಇಂಚಿನ ಬಾರ್ ಜೋಡಿಸಿ ಮಾರುವ ಯಂತ್ರಗಳು ನೋಡಲು ಗಂಭೀರ. ಒಣಗಿದ ಗಟ್ಟಿ ಮರಕ್ಕೆ ಇಳಿದಾಗ ಅವುಗಳ ಉಸಿರು ಕಟ್ಟುತ್ತದೆ.

ಚೈನಿನ ಹಲ್ಲಿಗೆ ಒಂದು ಕಥೆ ಇದೆ. ಅಮೆರಿಕದ ಆರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು 1946ರಲ್ಲಿ ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಹುಳು ಎಡಕ್ಕೂ ಬಲಕ್ಕೂ ಕೊರೆದು ಮುಂದೆ ಸಾಗುವುದನ್ನು ಕಂಡು, ಅದರ ದವಡೆಯಂತೆಯೇ ಹಲ್ಲು ಮಾಡಿದ. ಕಾಂಡಕೊರಕದಿಂದ ನಷ್ಟವನ್ನೇ ಕಂಡ ನಮಗೆ ಇದು ಸೋಜಿಗವೇ. ಇಂದಿನ ಚೈನುಗಳಲ್ಲೂ ಹಲ್ಲು ಎಡಕ್ಕೊಂದು ಬಲಕ್ಕೊಂದು. ಆದುದರಿಂದ ಎರಡೂ ಬದಿಯ ಹಲ್ಲುಗಳನ್ನು ಸಮನಾಗಿ ಅರದಿಂದ ಉಜ್ಜಬೇಕು. ಇಲ್ಲವಾದರೆ ಕೊಯ್ತ ಓರೆಯಾಗುತ್ತದೆ. 0.325 ಇಂಚಿನ ಚೈನಿಗೆ 4.8 ಮಿಲಿಮೀಟರಿನ ದುಂಡು ಅರ ಬೇಕು. ಅದನ್ನು ಯಂತ್ರದ ಜೊತೆಯಲ್ಲೇ ಕೊಂಡುಬನ್ನಿ. ತೆಂಗಿನ ಮರ ಚೈನನ್ನು ಬೇಗ ಮೊಂಡು ಮಾಡುತ್ತದೆ. ರಬ್ಬರ್ ಮರದಲ್ಲಿ ಚಿಪ್ಪು ಕಟ್ಟಿದ ಹಳೆಯ ತಂತಿ, ಬೇಲಿಯ ಮರದಲ್ಲಿ ಮೊಳೆ ಒಳಗೆ ಸೇರಿಕೊಂಡಿರುತ್ತವೆ, ಮೊದಲೇ ಹುಡುಕಿ. ಪುಡಿಯ ಬದಲು ಹಿಟ್ಟಿನಂಥದ್ದು ಬೀಳತೊಡಗಿದರೆ ಹಲ್ಲು ಮೊಂಡಾಗಿದೆ ಎಂದು ತಿಳಿಯಿರಿ.

ಪೆಟ್ರೋಲಿಗೆ ಒಳ್ಳೆಯ ಟು-ಸ್ಟ್ರೋಕ್ ಎಣ್ಣೆ ಬೆರೆಸಬೇಕು. 50:1 ಎಂದರೆ ಲೀಟರಿಗೆ 20 ಮಿಲಿಲೀಟರ್, 25:1 ಎಂದರೆ 40. ಯಂತ್ರದ ಪುಸ್ತಕದಲ್ಲಿ ಯಾವುದಿದೆಯೋ ಅದು. ಚೈನಿಗೆ ಬೇರೆಯೇ ಎಣ್ಣೆ. ಜೀಪಿನಿಂದ ತೆಗೆದ ಕರಿ ಎಣ್ಣೆಯನ್ನು ಸುರಿಯುವ ಅಭ್ಯಾಸ ಇಲ್ಲಿ ಬಹಳ. ಅದು ಬಾರನ್ನು ಸವೆಸುತ್ತದೆ, ಮೈಗೆ ಸಿಡಿಯುತ್ತದೆ, ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ವಸ್ತು ಅದರಲ್ಲಿದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ನಮ್ಮ ಮಳೆಗಾಲದ ತೇವವನ್ನು ಅದು ಹೀರುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿ, ಒಳಗಿಡಿ.

ಆರೋಗ್ಯದ ಬಗ್ಗೆ ಎರಡು ಮಾತು. ಚೈನ್ ಸಾದ ಶಬ್ದ ಕಿವಿಯ ಬಳಿ 100 ಡೆಸಿಬೆಲ್ ಮುಟ್ಟುತ್ತದೆ. ಹಾಳಾದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಹತ್ತಿ ಸಾಲದು, ಕಿವಿಯನ್ನು ಪೂರ್ತಿ ಮುಚ್ಚುವ ಕಾಪು ಬೇಕು. ವರ್ಷಗಟ್ಟಲೆ ಕಂಪನ ತಿಂದ ಬೆರಳುಗಳು ಚಳಿಯಲ್ಲಿ ಬಿಳಿಚಿ ಮರಗಟ್ಟುವ ರೋಗವೂ ಉಂಟು. ಹಿಡಿಗೂ ಎಂಜಿನಿಗೂ ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇರುವ ಯಂತ್ರವನ್ನೇ ಆರಿಸಿ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಚೈನ್ ಸಾ ಕೆಲಸಕ್ಕೆಂದೇ ಪ್ಯಾಂಟುಗಳಿವೆ. ಅದರೊಳಗಿನ ನೂಲು ಚೈನಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತದೆ. ಯಂತ್ರದ ಖರ್ಚಿನಲ್ಲಿಯೇ ಇವುಗಳನ್ನು ಸೇರಿಸಿ ಲೆಕ್ಕ ಹಾಕಿ. ಹಣ ಸಾಲದಿದ್ದರೆ ಇನ್ನೊಂದು ಅಡಿಕೆ ಕೊಯ್ಲಿನವರೆಗೆ ಕಾಯುವುದೇ ಲೇಸು. ಏಣಿಯ ಮೇಲೆ ನಿಂತಾಗಲೀ, ಹೆಗಲಿಗಿಂತ ಎತ್ತರದಲ್ಲಾಗಲೀ ಇದನ್ನು ಬಳಸಕೂಡದು. ಕರೆಂಟಿನ ತಂತಿಯ ಮೇಲೆ ಬಾಗಿದ ಮರವನ್ನು ವಿದ್ಯುತ್ ಮಂಡಳಿಯವರಿಗೆ ತಿಳಿಸದೆ ಮುಟ್ಟಬೇಡಿ.

ಕೊನೆಗೆ, ಎಲ್ಲಿಂದ ಕೊಳ್ಳುವುದು? ಕ್ಲಚ್, ಸ್ಪ್ರಾಕೆಟ್, ಬಾರ್ ಬೇಕೆಂದಾಗ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಕಾಸರಗೋಡಿನಲ್ಲೋ ಸಿಗುವಂಥದ್ದನ್ನು ಕೊಳ್ಳಿ. ಬೆಲೆ ಅಗ್ಗದ್ದಕ್ಕಿಂತ ಹಲವು ಪಟ್ಟು ಹೆಚ್ಚಾಗುವುದು ನಿಜ. ನಮ್ಮ ಒಂದು ವಾಳೆಯಲ್ಲಿ ನಾಲ್ಕು ಮನೆಯವರು ಸೇರಿ ಒಂದನ್ನು ತಂದಿದ್ದಾರೆ. ಪಳಗಿದ ಒಬ್ಬನೇ ಅದನ್ನು ನಡೆಸುವುದು, ಉಳಿದವರು ಗೆಲ್ಲು ಎಳೆಯುವುದು ಎಂಬ ಒಪ್ಪಂದ. ಎರಡು ಮಳೆಗಾಲ ಕಳೆದರೂ ಜಗಳವಾಗಿಲ್ಲ. ಅರ ಮಾತ್ರ ಯಾರ ಮನೆಯಲ್ಲಿದೆಯೆಂದು ಪ್ರತಿ ಸಲವೂ ಹುಡುಕುತ್ತಾರಂತೆ.